ರೈಲು ಇಳಿದು ದೋಣಿ ಹತ್ತಿ: ಕಾರವಾರದ ಕೂರ್ಮಗಡಕ್ಕೆ ಹೋಗಿ ಬರುವುದು ಹೇಗೆ?

ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ನೀರಿನ ಮಧ್ಯೆ ಹಸಿರು ಗುಡ್ಡಗಳು ಕಾಣುತ್ತವೆ. ಅವೇ ಇಲ್ಲಿನ ದ್ವೀಪಗಳು. ಕೈಚಾಚಿದರೆ ಸಿಗುವಷ್ಟು ಹತ್ತಿರ ಅನಿಸುತ್ತವೆ. ಅದಕ್ಕೇ ಘಟ್ಟದ ಮೇಲಿನ ಗೆಳೆಯರು ಸುಲಭವಾಗಿ ಒಂದು ಲೆಕ್ಕ ಹಾಕಿಬಿಡುತ್ತಾರೆ: ಬೆಳಿಗ್ಗೆ ರೈಲು ಇಳಿಯುವುದು, ದ್ವೀಪ ನೋಡುವುದು, ಸಂಜೆ ರೈಲು ಹತ್ತುವುದು. ಆ ಲೆಕ್ಕ ಬಹಳ ಸಲ ಕೈಕೊಡುತ್ತದೆ. ದೋಣಿ ಹೊರಡುವ ಹೊತ್ತನ್ನು ಗಾಳಿ ಮತ್ತು ಭರತ-ಇಳಿತ ನಿರ್ಧರಿಸುತ್ತವೆ, ನಿಮ್ಮ ರೈಲಿನ ಟಿಕೆಟ್ ಅಲ್ಲ. ಹಾಗಾಗಿ ಮೊದಲು ದೋಣಿಯ ದಿನ ಮತ್ತು ಹೊತ್ತು ಯೋಚಿಸಿ, ಆಮೇಲೆ ಅದಕ್ಕೆ ಹೊಂದುವ ರೈಲು ಹುಡುಕಬೇಕು. ಈ ಬರಹವೂ ಅದೇ ಕ್ರಮದಲ್ಲಿದೆ.

1. ಯಾವ ದ್ವೀಪ?

ಕಾರವಾರದ ಸುತ್ತ ಕಾಣುವ ದ್ವೀಪಗಳಿಗೆಲ್ಲ ಹೋಗಲು ಆಗುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ನಿರಾಸೆ ಕಡಿಮೆ.

ಕೂರ್ಮಗಡ ಎಲ್ಲಕ್ಕಿಂತ ಅನುಕೂಲದ್ದು. ಕಾಳಿ ನದಿ ಕಡಲು ಸೇರುವ ಅಳಿವೆಯ ಎದುರಿಗೇ ಇದೆ. ದೂರದಿಂದ ಆಮೆ ಬೆನ್ನಿನ ಹಾಗೆ ಕಾಣುತ್ತದೆ. ಮೇಲೆ ನರಸಿಂಹ ದೇವರ ಗುಡಿ ಇದೆ. ಪುಷ್ಯ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಇಲ್ಲಿ ಜಾತ್ರೆ. ಆ ದಿನ ಮೀನುಗಾರರು ದೋಣಿಗಳನ್ನು ಸಿಂಗರಿಸುತ್ತಾರೆ, ಭಕ್ತರು ಬಾಳೆಗೊನೆ ಹೊತ್ತು ಬರುತ್ತಾರೆ.

ದೇವಗಡ ಇನ್ನೂ ಹೊರಗೆ, ತೆರೆದ ಕಡಲಿನಲ್ಲಿದೆ. ಬ್ರಿಟಿಷರ ಕಾಲದ ದೀಪಸ್ತಂಭ ಇರುವುದು ಅಲ್ಲೇ. ಅಲೆಗಳ ಹೊಡೆತ ಕೂರ್ಮಗಡಕ್ಕಿಂತ ಜಾಸ್ತಿ. ಮೊದಲ ಸಲ ಕಡಲಿಗೆ ಇಳಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಅಂಜದೀವ್ ದ್ವೀಪ ಬಿಣಗಾ ಕಡೆಗಿದೆ. ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು, ಇರುವುದು ನೌಕಾಪಡೆಯ ವಶದಲ್ಲಿ. ಸಾರ್ವಜನಿಕರಿಗೆ ಪ್ರವೇಶ ಇಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ನೌಕಾಪಡೆ ಇದನ್ನು ಗೆದ್ದುಕೊಂಡಿತು. ಇಷ್ಟು ಕಥೆ ಇರುವ ಜಾಗ ನೋಡಬೇಕು ಎಂದು ಆಸೆ ಆಗುವುದು ಸಹಜ. ಆದರೆ "ಸ್ವಲ್ಪ ಹತ್ತಿರಕ್ಕೆ ಬಿಡಿ" ಎಂದು ದೋಣಿಯವರನ್ನು ಒತ್ತಾಯ ಮಾಡಬೇಡಿ. ತೊಂದರೆಗೆ ಸಿಲುಕುವುದು ಅವರೇ. ಆ ಕಡೆಗೆ ಕ್ಯಾಮೆರಾ ತಿರುಗಿಸುವುದೂ ಬೇಡ. ಡ್ರೋನ್ ಅಂತೂ ಕಾರವಾರಕ್ಕೆ ತರಲೇಬೇಡಿ.

ಕಡಲಿನ ಒಳಗೆ ಮುಳುಗಿ ಮೀನು, ಹವಳ ನೋಡುವ ಆಸೆ ಇದ್ದರೆ ಮುರ್ಡೇಶ್ವರದ ನೇತ್ರಾಣಿ ದ್ವೀಪ ಸರಿ. ಅದರ ರೀತಿಯೇ ಬೇರೆ, ಕೊನೆಯ ಕಡೆ ಹೇಳುತ್ತೇನೆ. ಈಗ ಕೂರ್ಮಗಡವನ್ನೇ ಇಟ್ಟುಕೊಂಡು ಮುಂದೆ ಹೋಗೋಣ.

2. ತಿಂಗಳು, ದಿನ, ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ಮಾತು ಬಿಡಿ. ಮಳೆಗಾಲದ ಕಡಲಿಗೆ ಇಲ್ಲಿನ ಮೀನುಗಾರರೇ ಹೆದರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಕಡಲು ತಣ್ಣಗಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಅತಿ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲೂ ಹೋಗಬಹುದು, ಆದರೆ ಬಿಸಿಲು ಸುಡುತ್ತದೆ. ಮೇ ಕೊನೆಯ ವಾರ ಬೇಡ.

ದಿನಕ್ಕಿಂತ ಮುಖ್ಯವಾದದ್ದು ಹೊತ್ತು. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ, ನೀರು ನುಣುಪಾಗಿರುತ್ತದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಆಗ ಗಾಳಿ ತಿರುಗಿ ಕಡಲಿನಿಂದ ನೆಲದ ಕಡೆಗೆ ಜೋರಾಗಿ ಬೀಸಲು ಶುರು. ಮಧ್ಯಾಹ್ನದ ಮೇಲೆ ಸಣ್ಣ ದೋಣಿ ಕುಲುಕುವುದು ಇದರಿಂದಲೇ. ಆದ್ದರಿಂದ ಏಳು, ಎಂಟು ಗಂಟೆಗೆ ಹೊರಟು ಹನ್ನೊಂದು, ಹನ್ನೆರಡರ ಒಳಗೆ ದಡ ಸೇರುವ ಹಾಗೆ ಇಟ್ಟುಕೊಳ್ಳಿ. ಸೂರ್ಯಾಸ್ತ ನೋಡಲು ದೋಣಿ ಬೇಡ, ಟಾಗೋರ್ ತೀರದ ಮರಳೇ ಚೆನ್ನ.

ಇನ್ನೊಂದು ಭರತ-ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಸೆಳೆತವೂ ಜೋರು. ಕಾಳಿಯ ಅಳಿವೆಯಲ್ಲಿ ಮರಳಿನ ದಿಬ್ಬಗಳಿವೆ. ಇಳಿತದಲ್ಲಿ ನದಿಯ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಕಡಲ ಗಾಳಿ ಬಂದರೆ ಅಲ್ಲಿ ಅಲೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ. ಈ ಜಾಗ ದಾಟುವ ಹೊತ್ತನ್ನು ದೋಣಿ ನಡೆಸುವ ತಾಂಡೇಲರಿಗೆ ಬಿಡಿ. ಅವರು "ಅರ್ಧ ಗಂಟೆ ಕಾಯೋಣ" ಎಂದರೆ ಕಾಯಿರಿ.

ಹೊರಡುವ ಎರಡು ದಿನ ಮೊದಲು ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ನೋಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲಿನ ಸ್ಥಿತಿ, ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಅರಬ್ಬಿ ಸಮುದ್ರದಲ್ಲಿ ಎಲ್ಲೋ ದೂರ ಚಂಡಮಾರುತ ಎದ್ದರೂ ಇಲ್ಲಿನ ಅಲೆ ದೊಡ್ಡದಾಗುತ್ತದೆ. ಆಕಾಶ ನೀಲಿಯಾಗಿದ್ದರೂ ದೋಣಿ ಬಿಡದ ದಿನಗಳಿರುತ್ತವೆ.

3. ರೈಲು: ಬರುವ ಟಿಕೆಟ್‌ಗಿಂತ ಮೊದಲು ಹಿಂತಿರುಗುವ ಟಿಕೆಟ್

ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಬಹಳ ಅನುಕೂಲ. ಸಂಜೆ ಬೆಂಗಳೂರು ಬಿಟ್ಟರೆ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ದಾರಿಯಾಗಿ ಬೆಳಿಗ್ಗೆ ಕಾರವಾರ. ಮಂಗಳೂರು ನಗರದ ನಿಲ್ದಾಣದ ಒಳಗೆ ಹೋಗದೆ ಊರಂಚಿನ ಪಡೀಲಿನ ಮೇಲೆಯೇ ಬರುತ್ತದೆ, ಅದರಿಂದ ಸಮಯ ಉಳಿಯುತ್ತದೆ. ಹಿಂತಿರುಗುವಾಗ ಸಂಜೆ ಕಾರವಾರ ಬಿಟ್ಟು ಮರುದಿನ ಬೆಳಿಗ್ಗೆ ಬೆಂಗಳೂರು.

ಈ ರೈಲಿಗೆ ಹೊಂದುವ ಸರಿಯಾದ ಯೋಜನೆ ಹೀಗೆ: ಶುಕ್ರವಾರ ಸಂಜೆ ರೈಲು ಹತ್ತಿ. ಶನಿವಾರ ಬೆಳಿಗ್ಗೆ ಇಳಿದು ರೂಮು, ಊಟ, ತೀರ, ದೋಣಿಯವರ ಜೊತೆ ಮಾತು. ರವಿವಾರ ಬೆಳಿಗ್ಗೆ ದ್ವೀಪ. ಸಂಜೆ ವಾಪಸ್ ರೈಲು. ಒಂದು ರಾತ್ರಿ ಕಾರವಾರದಲ್ಲಿ ಉಳಿಯುವುದನ್ನು ಖರ್ಚು ಎಂದು ನೋಡಬೇಡಿ. ರೈಲು ಎರಡು ಗಂಟೆ ತಡವಾದರೂ ನಿಮ್ಮ ದೋಣಿ ತಪ್ಪುವುದಿಲ್ಲ. ರವಿವಾರ ದೋಣಿ ಒಂದು ಗಂಟೆ ತಡವಾದರೂ ರೈಲು ತಪ್ಪುವುದಿಲ್ಲ. ಸಾಧ್ಯವಾದರೆ ಸೋಮವಾರ ರಜೆ ಹಾಕಿ. ಆಗ ರವಿವಾರ ಗಾಳಿ ಎದ್ದರೂ ಇನ್ನೊಂದು ಬೆಳಿಗ್ಗೆ ಕೈಯಲ್ಲಿರುತ್ತದೆ.

ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್ ರಜೆ, ಸಂಕ್ರಾಂತಿ, ಶಿವರಾತ್ರಿ ಆಸುಪಾಸಿನಲ್ಲಿ ಸ್ಲೀಪರ್ ಬೇಗ ತುಂಬುತ್ತದೆ. ರವಿವಾರ ಸಂಜೆ ಕಾರವಾರದಿಂದ ಹೊರಡುವ ಟಿಕೆಟ್ ಅದಕ್ಕೂ ಬೇಗ ಮುಗಿಯುತ್ತದೆ, ಯಾಕೆಂದರೆ ಕರಾವಳಿಯ ಮಕ್ಕಳೆಲ್ಲ ಸೋಮವಾರದ ಕೆಲಸಕ್ಕೆ ಅದರಲ್ಲೇ ಹೋಗುವವರು. ಹಾಗಾಗಿ ಹಿಂತಿರುಗುವ ಟಿಕೆಟ್ ಸಿಕ್ಕ ಮೇಲೆ ಬರುವ ಟಿಕೆಟ್ ನೋಡಿ. ಬರುವಾಗ ಬಸ್ಸಿನಲ್ಲಾದರೂ ಬರಬಹುದು, ಹಿಂತಿರುಗುವಾಗ ಮೈಯೆಲ್ಲ ಉಪ್ಪುನೀರು, ಬಿಸಿಲಿನ ದಣಿವು. ಮಲಗಿಕೊಂಡು ಹೋಗಲು ಬರ್ತ್ ಬೇಕೇ ಬೇಕು. ತತ್ಕಾಲ್ ನಂಬಿ ಕೂತರೆ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಎ.ಸಿ., ಹನ್ನೊಂದಕ್ಕೆ ಸ್ಲೀಪರ್ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ತೆಗೆಯಲು ಖಾತೆಗೆ ಆಧಾರ್ ಜೋಡಿಸಿರಬೇಕು. ಅದನ್ನು ಮನೆಯಲ್ಲಿರುವಾಗಲೇ ಮಾಡಿಟ್ಟುಕೊಳ್ಳಿ.

ಮಂಗಳೂರು, ಉಡುಪಿಯವರಿಗೆ ಆಯ್ಕೆ ಜಾಸ್ತಿ. ಮತ್ಸ್ಯಗಂಧ, ಮಡಗಾಂವ್ ಕಡೆಯ ಪ್ಯಾಸೆಂಜರ್, ಮಂಗಳೂರು–ಮಡಗಾಂವ್ ವಂದೇ ಭಾರತ್ ಎಲ್ಲವೂ ಕಾರವಾರದಲ್ಲಿ ನಿಲ್ಲುತ್ತವೆ. ಗೋವಾದಿಂದ ಬರುವವರಿಗೆ ಮಡಗಾಂವ್‌ನಿಂದ ಸುಮಾರು ಒಂದು ಗಂಟೆಯ ದಾರಿ. ಅವರು ಕಾರವಾರ ತಲುಪುವ ಸ್ವಲ್ಪ ಮೊದಲು ಕಾಳಿ ಸೇತುವೆ ದಾಟುತ್ತಾರೆ.

ಹುಬ್ಬಳ್ಳಿಯಿಂದ ಕಾರವಾರಕ್ಕೆ ನೇರ ರೈಲು ಹಳಿ ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ದಶಕಗಳಿಂದ ನಡೆದೇ ಇದೆ, ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ರೈಲೇ ಬೇಕೆಂದರೆ ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ ದಾರಿಯಾಗಿ ಮಡಗಾಂವ್‌ಗೆ ಹೋಗಿ ಅಲ್ಲಿ ರೈಲು ಬದಲಿಸಬೇಕು. ಘಟ್ಟ ಇಳಿಯುವ ಆ ದಾರಿ ಕಣ್ಣಿಗೆ ಹಬ್ಬ. ಬೇಗ ತಲುಪಬೇಕೆಂದರೆ ಯಲ್ಲಾಪುರ, ಅರಬೈಲ್ ಘಟ್ಟದ ಬಸ್ಸೇ ಒಳ್ಳೆಯದು.

ಶಿರಸಿ, ಸಿದ್ದಾಪುರದವರಿಗೆ ಊರಲ್ಲಿ ರೈಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದು, ಪ್ಯಾಸೆಂಜರ್ ಹೊತ್ತು ಕೂಡಿಬಂದರೆ ಅಲ್ಲಿಂದ ಕಾರವಾರಕ್ಕೆ ರೈಲು ಹತ್ತಬಹುದು. ಮಕ್ಕಳಿಗೆ ಈ ತುಂಡು ಪ್ರಯಾಣ ತುಂಬಾ ಖುಷಿ ಕೊಡುತ್ತದೆ. ರಿಸರ್ವೇಷನ್ ಇಲ್ಲದ ಟಿಕೆಟ್ ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲೇ ಸಿಗುತ್ತದೆ.

ಒಂದು ಮಾತು ನೆನಪಿಡಿ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಜೂನ್ ಮಧ್ಯದ ಸುಮಾರಿಗೆ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯುತ್ತದೆ. ಗುಡ್ಡ ಕುಸಿಯುವ ಜಾಗಗಳಲ್ಲಿ ರೈಲು ನಿಧಾನವಾಗಿ ಓಡಬೇಕಾದ್ದರಿಂದ ಈ ಏರ್ಪಾಡು. ಅಕ್ಟೋಬರಿನಲ್ಲಿ ಬರುವವರು ಹಳೆಯ ಸ್ಕ್ರೀನ್‌ಶಾಟ್ ನಂಬದೆ ಹೊರಡುವ ದಿನದ ಹೊತ್ತನ್ನೇ ನೋಡಿ. ಸಂದೇಹ ಇದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

ಸೀಟಿನ ವಿಷಯ. ದಕ್ಷಿಣದಿಂದ ಬರುವಾಗ ಕಡಲು ಎಡಕ್ಕೆ, ಘಟ್ಟ ಬಲಕ್ಕೆ. ಭಟ್ಕಳ ದಾಟುವ ಹೊತ್ತಿಗೆ ಎದ್ದು ಕಿಟಕಿ ಹಿಡಿಯಿರಿ. ಹೊನ್ನಾವರದಲ್ಲಿ ಶರಾವತಿ ಸೇತುವೆ ಬರುತ್ತದೆ. ಎರಡು ಕಿಲೋಮೀಟರಿಗಿಂತ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಕೆಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ತೆಂಗು ತುಂಬಿದ ಕುರ್ವೆಗಳು (ನದಿಯ ನಡುಗಡ್ಡೆಗಳು), ಬಲೆ ಹಾಕುವ ಸಣ್ಣ ಪಾತಿ ದೋಣಿಗಳು. ಮುಂದೆ ಕುಮಟಾ ಬಿಟ್ಟ ಮೇಲೆ ಅಘನಾಶಿನಿ, ಅಂಕೋಲೆಗೆ ಮೊದಲು ಗಂಗಾವಳಿ. ಕಡೆಗೆ ಉದ್ದದ ಸುರಂಗ, ಆಮೇಲೆ ಕಾರವಾರ. 1998ರ ಜನವರಿಯಲ್ಲಿ ಈ ಮಾರ್ಗ ಪೂರ್ತಿಯಾಗುವವರೆಗೆ ಇಷ್ಟೂ ನದಿಗಳನ್ನು ರೈಲಿನಲ್ಲಿ ದಾಟುವ ಭಾಗ್ಯ ನಮ್ಮ ಜಿಲ್ಲೆಗೆ ಇರಲಿಲ್ಲ. ಈ ಒಂದೂವರೆ, ಎರಡು ಗಂಟೆ ಮಲಗಿ ಕಳೆಯಬೇಡಿ.

4. ನಿಲ್ದಾಣದಿಂದ ಊರಿಗೆ

ಕಾರವಾರ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ. ಊರಿನ ಮಧ್ಯಕ್ಕೆ ಏಳೆಂಟು ಕಿಲೋಮೀಟರ್. ಹೊರಗೆ ಆಟೋಗಳಿರುತ್ತವೆ, ಹತ್ತುವ ಮೊದಲೇ ದರ ಮಾತಾಡಿ. ಬಸ್ಸೂ ಇದೆ. ಹಿಂತಿರುಗುವ ದಿನ ಊರಿನಿಂದ ನಿಲ್ದಾಣಕ್ಕೆ ಆಟೋ ಮೊದಲೇ ಹೇಳಿಡಿ. ರೈಲು ಹೊರಡುವ ಒಂದು ಗಂಟೆ ಮೊದಲು ಹೊರಟರೆ ಗಡಿಬಿಡಿ ಇಲ್ಲ.

ಉಳಿಯಲು ಬಸ್ ನಿಲ್ದಾಣದ ಆಸುಪಾಸು ಅಥವಾ ಕೋಡಿಬಾಗ ಕಡೆ ನೋಡಿ. ದೋಣಿ ಹತ್ತುವುದು ಕೋಡಿಬಾಗದ ಕಡೆಯಿಂದಾದರೆ ಬೆಳಿಗ್ಗೆ ನಡೆದೇ ಹೋಗಬಹುದು. ನದಿಯ ಆಚೆ ದೇವಬಾಗದಲ್ಲಿ ಜಂಗಲ್ ಲಾಡ್ಜಸ್‌ನ ವಸತಿ ಇದೆ. ಗಾಳಿಮರಗಳ ನೆರಳು, ಎದುರಿಗೆ ಕಡಲು. ಅಲ್ಲಿಗೆ ದೋಣಿಯಲ್ಲೇ ಕರೆದೊಯ್ಯುತ್ತಾರೆ. ಖರ್ಚು ಜಾಸ್ತಿ, ಆದರೆ ವಯಸ್ಸಾದವರು ಜೊತೆಗಿದ್ದರೆ ನಾನು ಅದನ್ನೇ ಹೇಳುತ್ತೇನೆ.

5. ದೋಣಿ ಗೊತ್ತು ಮಾಡುವುದು

ಇಡೀ ಪ್ರಯಾಣದಲ್ಲಿ ಹೆಚ್ಚು ಗಮನ ಬೇಕಾದ ಕೆಲಸ ಇದು. ಕೂರ್ಮಗಡಕ್ಕೆ ಗಂಟೆಗೊಂದು ಬಿಡುವ, ಟಿಕೆಟ್ ಹರಿದು ಹತ್ತಿಸಿಕೊಳ್ಳುವ ಫೆರ್ರಿ ಇಲ್ಲ. ದೋಣಿಯನ್ನು ನೀವೇ ಗೊತ್ತು ಮಾಡಬೇಕು. ಕೋಡಿಬಾಗದ ಕಾಳಿ ದಡ, ಟಾಗೋರ್ ತೀರದಲ್ಲಿ ನೀರಾಟ ನಡೆಸುವವರ ಜಾಗ, ಈ ಕಡೆ ವಿಚಾರಿಸಿ. ನೀವು ಉಳಿದ ಹೋಟೆಲಿನವರಿಗೂ ಪರಿಚಯದ ದೋಣಿಯವರಿರುತ್ತಾರೆ.

ಶನಿವಾರ ಮಧ್ಯಾಹ್ನವೇ ಹೋಗಿ ಮುಖತಃ ಮಾತಾಡಿ. ಫೋನಿನಲ್ಲಿ ಮುಗಿಸಬೇಡಿ. ದೋಣಿ ಕಣ್ಣಾರೆ ನೋಡಬೇಕು. ಈ ಮಾತುಗಳನ್ನು ಬಿಡಿಸಿ ಕೇಳಿ:

– ದ್ವೀಪದ ಸುತ್ತ ತಿರುಗಿಸಿ ಕರೆತರುತ್ತೀರೋ, ದ್ವೀಪದ ಮೇಲೆ ಇಳಿಸುತ್ತೀರೋ? ಎರಡೂ ಬೇರೆ ಬೇರೆ. "ಡಾಲ್ಫಿನ್ ಟ್ರಿಪ್" ಎಂದರೆ ಸಾಮಾನ್ಯವಾಗಿ ಸುತ್ತು ಹಾಕುವುದು ಮಾತ್ರ.
– ಇಳಿಯುವುದಾದರೆ ಅನುಮತಿ ಯಾರು ತರುತ್ತಾರೆ? ಗುಡಿ ಬಿಟ್ಟು ದ್ವೀಪದ ಮೇಲೆ ಎಲ್ಲೆಲ್ಲಿ ಓಡಾಡಬಹುದು?
– ದೋಣಿಗೆ ಪ್ರವಾಸಿಗರನ್ನು ಒಯ್ಯುವ ಪರವಾನಗಿ ಇದೆಯೋ? ಎಷ್ಟು ಜನ ಮಿತಿ?
– ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೋ? ಮಕ್ಕಳ ಅಳತೆಯದ್ದು ಇದೆಯೋ?
– ದ್ವೀಪದಲ್ಲಿ ಎಷ್ಟು ಹೊತ್ತು ಕಾಯುತ್ತೀರಿ? ದರ ತಲೆಗೋ, ದೋಣಿಗೋ?
– ಗಾಳಿ ಎದ್ದು ಹೋಗಲಾಗದಿದ್ದರೆ ಮುಂಗಡ ಹಣ ವಾಪಸ್ಸೋ?

ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಹಣ ಹೋಗುತ್ತದೆ ಎಂಬ ಚಿಂತೆಯಲ್ಲಿ ನೀವೂ "ಪರವಾಗಿಲ್ಲ, ಹೋಗೋಣ" ಎನ್ನುತ್ತೀರಿ, ದೋಣಿಯವರೂ ಒಲ್ಲದ ಮನಸ್ಸಿನಿಂದ ಹೊರಡುತ್ತಾರೆ. ಅಪಾಯ ಶುರುವಾಗುವುದು ಹೀಗೆ.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. 2019ರ ಜನವರಿ 21ರಂದು ಇದೇ ಕೂರ್ಮಗಡ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಮಕ್ಕಳೂ ಇದ್ದರು. ಜಾತ್ರೆ ಬರುವುದು ಹುಣ್ಣಿಮೆಗೆ ಎಂಬುದನ್ನು ಮರೆಯಬೇಡಿ, ಭರತ-ಇಳಿತ ದೊಡ್ಡದಿರುವ ದಿನ ಅದು. ಆಮೇಲಿನ ಜಾತ್ರೆಗಳಲ್ಲಿ ಲೈಫ್ ಜಾಕೆಟ್ ಕಡ್ಡಾಯವಾಯಿತು. ಜಾಕೆಟ್ ಸೀಟಿನ ಕೆಳಗೆ ಇದ್ದರೆ ಸಾಲದು, ದಡದಲ್ಲೇ ಹಾಕಿಕೊಂಡು ಪಟ್ಟಿ ಬಿಗಿದಿರಬೇಕು. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಸಡಿಲ ಇದೆ ಎಂದೇ ಅರ್ಥ. ಈಜು ಬರುತ್ತದೆ ಎಂಬ ಧೈರ್ಯ ಕೆರೆಯಲ್ಲಿ ಸರಿ, ಅಳಿವೆಯ ಸೆಳೆತದಲ್ಲಿ ಅಲ್ಲ. ಜನ ಜಾಸ್ತಿ ಹತ್ತಿದರೆ ನೀವು ಇಳಿದುಬಿಡಿ. ನಾಚಿಕೆ ಬೇಡ.

ಎರಡು ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಹೊರಡುವ ಮುಂಚೆ ದಡದಲ್ಲಿರುವ ಒಬ್ಬರಿಗೆ, ಹೋಟೆಲಿನವರಾದರೂ ಸರಿ, ಎಷ್ಟು ಜನ, ಯಾವ ದೋಣಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಹೇಳಿ ಹೋಗಿ.

6. ಹೊರಡುವ ಬೆಳಿಗ್ಗೆ

ಹೊಟ್ಟೆ ಖಾಲಿ ಇರಬಾರದು, ತುಂಬಿಯೂ ಇರಬಾರದು. ಎರಡು ಇಡ್ಲಿ, ಅಥವಾ ಅವಲಕ್ಕಿ ಸಾಕು. ಪೂರಿ ಬಾಜಿ ವಾಪಸ್ ಬಂದ ಮೇಲೆ ತಿನ್ನಿ. ಬಸ್ಸಿನಲ್ಲಿ ಘಟ್ಟ ಇಳಿಯುವಾಗ ವಾಂತಿ ಬರುವವರಿಗೆ ದೋಣಿಯಲ್ಲೂ ಬರುವ ಸಂಭವ ಇದೆ. ಡಾಕ್ಟರನ್ನು ಕೇಳಿ ಗುಳಿಗೆ ತಂದಿಟ್ಟುಕೊಂಡು, ಹತ್ತುವ ಅರ್ಧ, ಒಂದು ಗಂಟೆ ಮೊದಲೇ ನುಂಗಿ. ತಲೆ ತಿರುಗಿದ ಮೇಲೆ ನುಂಗಿದರೆ ಕೆಲಸ ಮಾಡುವುದಿಲ್ಲ. ದೋಣಿಯ ಮೂತಿಯ ಹತ್ತಿರ ಕುಲುಕಾಟ ಜಾಸ್ತಿ, ಮಧ್ಯದಿಂದ ಹಿಂದಕ್ಕೆ ಕಡಿಮೆ. ಅಲ್ಲಿ ಕೂತು ದೂರದ ಬಾನಂಚು ನೋಡುತ್ತಿರಿ. ಫೋನ್ ನೋಡಿದರೆ ಹೊಟ್ಟೆ ತೊಳಸುವುದು ಖಂಡಿತ.

ಬಟ್ಟೆ ಹಗುರ ಇರಲಿ, ಬೇಗ ಒಣಗುವಂಥದ್ದು. ಜೀನ್ಸ್ ಬೇಡ, ನೆಂದರೆ ಕಲ್ಲಿನಷ್ಟು ಭಾರ. ಸೀರೆ ಉಟ್ಟವರು ಗುಡಿಗೆ ಹೋಗುವುದಾದರೂ ದೋಣಿಯ ಮಟ್ಟಿಗೆ ಚೂಡಿದಾರ ಹಾಕಿಕೊಂಡರೆ ಒಳ್ಳೆಯದು. ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು. ಟೋಪಿಗೆ ದಾರ ಇರಲಿ. ಫೋನ್, ಹಣ, ಔಷಧಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ತಲೆಗೆ ಎರಡು ಲೀಟರ್ ನೀರು ಒಯ್ಯಿರಿ. ದ್ವೀಪದಲ್ಲಿ ಅಂಗಡಿ ಇರುತ್ತದೆ ಎಂದು ನಂಬಬೇಡಿ. ಒಯ್ದ ಬಾಟಲಿ, ಕವರ್, ಬಾಳೆಹಣ್ಣಿನ ಸಿಪ್ಪೆ ಸಮೇತ ವಾಪಸ್ ತನ್ನಿ.

ಅಳಿವೆ ದಾಟುವಾಗ ಎಡಕ್ಕೆ ಕಾರವಾರ, ಬಲಕ್ಕೆ ಸದಾಶಿವಗಡದ ಗುಡ್ಡ. ಅದರ ಮೇಲಿನ ಕೋಟೆ ಕಟ್ಟಿಸಿದ್ದು ಶಿರಸಿ ಹತ್ತಿರದ ಸೋಂದೆಯ ಅರಸರು. ತಂದೆ ಸದಾಶಿವಲಿಂಗನ ಹೆಸರನ್ನು ಮಗ ಬಸವಲಿಂಗ ಇಟ್ಟ. ಬೆನ್ನ ಹಿಂದೆ ಕಾಳಿಯ ಹೆದ್ದಾರಿ ಸೇತುವೆ ಕಾಣುತ್ತದೆ. ಅದರ ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು.

ಇಲ್ಲಿ ಕಾಣುವುದು ಬೆನ್ನಿನ ಮೇಲೆ ಗೂನು ಇರುವ ಜಾತಿಯ ಡಾಲ್ಫಿನ್. ಸರ್ಕಸ್ಸಿನ ಹಾಗೆ ಹಾರುವುದಿಲ್ಲ. ಬೂದು ಬೆನ್ನು ಮೆಲ್ಲಗೆ ಎದ್ದು ಮುಳುಗುತ್ತದೆ. ಇಂಜಿನ್ ನಿಲ್ಲಿಸಿ ಸುಮ್ನೆ ಕಾದರೆ ಅವೇ ಹತ್ತಿರ ಬರುತ್ತವೆ. ಬೆನ್ನಟ್ಟಿ ಹೋಗಲು ಹೇಳಬೇಡಿ, ಮರಿಗಳು ತಾಯಿಯಿಂದ ಬೇರೆಯಾಗುತ್ತವೆ.

7. ದ್ವೀಪದ ಮೇಲೆ ಇಳಿಯುವುದು, ಮತ್ತೆ ಹತ್ತುವುದು

ಪೆಟ್ಟು ಬೀಳುವುದು ಹೆಚ್ಚಾಗಿ ಕಡಲಿನ ನಡುವೆ ಅಲ್ಲ, ಇಳಿಯುವ ಜಾಗದಲ್ಲಿ. ಅಲೆ ಬಂದಾಗ ದೋಣಿ ಏರುತ್ತದೆ, ಅಲೆ ಹೋದಾಗ ಇಳಿಯುತ್ತದೆ. ದೋಣಿಯ ಅಂಚು ಮತ್ತು ಬಂಡೆಯ ನಡುವೆ ಕೈ, ಕಾಲು ಇಡಲೇಬೇಡಿ. ಎಲ್ಲರೂ ಒಟ್ಟಿಗೆ ಎದ್ದು ಒಂದೇ ಬದಿಗೆ ಬಂದರೆ ದೋಣಿ ವಾಲುತ್ತದೆ. ಒಬ್ಬೊಬ್ಬರಾಗಿ ಏಳಿ, ಉಳಿದವರು ಕೂತಿರಿ. ಕೈಯಲ್ಲಿ ಚೀಲ ಬೇಡ, ಅದನ್ನು ಆಮೇಲೆ ದಾಟಿಸುತ್ತಾರೆ. ದೋಣಿ ಮೇಲಕ್ಕೆ ಏರಿ ಒಂದು ಕ್ಷಣ ನಿಂತಂತೆ ಆಗುತ್ತದೆ. ತಾಂಡೇಲರು "ಹಾಂ" ಎನ್ನುವುದು ಆಗಲೇ. ಆಗ ಹೆಜ್ಜೆ ಇಡಿ, ಹಾರಬೇಡಿ. ಮಕ್ಕಳನ್ನು ಎತ್ತಿಕೊಂಡು ಇಳಿಯಬೇಡಿ. ಆಚೆ ಒಬ್ಬರು, ಈಚೆ ಒಬ್ಬರು ನಿಂತು ದಾಟಿಸಿ.

ನೀರಂಚಿನ ಬಂಡೆಗಳ ಮೇಲೆ ಕಲ್ಲಿಗೆ ಅಂಟಿದ ಚಿಪ್ಪುಗಳಿವೆ. ಬ್ಲೇಡಿನಷ್ಟು ಹರಿತ. ಬರಿಗಾಲಲ್ಲಿ ಹೋಗಬೇಡಿ. ಹಸಿರು ಪಾಚಿ ಕಂಡರೆ ಅಲ್ಲಿ ಕಾಲಿಡಬೇಡಿ.

ಮೇಲೆ ಹತ್ತಿ ಗುಡಿಗೆ ಕೈಮುಗಿದು ನೆರಳಿನಲ್ಲಿ ಕೂತರೆ ಪೂರ್ವಕ್ಕೆ ಇಡೀ ಕಾರವಾರ ಕಾಣುತ್ತದೆ: ತೀರ, ಅದರ ಹಿಂದೆ ಊರು, ಊರಿನ ಬೆನ್ನಿಗೇ ಘಟ್ಟದ ಸಾಲು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ರವೀಂದ್ರನಾಥ ಟಾಗೋರರು ಮೆಚ್ಚಿದ್ದು ಇದೇ ಕೊಲ್ಲಿಯನ್ನು. ಒಂದು ಗಂಟೆ, ಒಂದೂವರೆ ಗಂಟೆ ಸಾಕು. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ದೋಣಿಯ ಹತ್ತಿರ ಬನ್ನಿ. ನೀವು ತಡ ಮಾಡಿದಷ್ಟು ಗಾಳಿ ಏರುತ್ತದೆ.

ಮಧ್ಯಾಹ್ನ ದಡಕ್ಕೆ ಬಂದ ಮೇಲೆ ಸ್ನಾನ, ಊಟ, ನಿದ್ದೆ ಎಲ್ಲಕ್ಕೂ ಸಮಯ ಇರುತ್ತದೆ. ಮೀನು ತಿನ್ನುವವರು ಬಂಗಡೆ ಹುರಿದದ್ದು, ಇಸವಣ (ಅಂಜಲ್ ಮೀನು), ತಿಸರೆ (ಚಿಪ್ಪುಮೀನು) ಸುಕ್ಕಾ ಕೇಳಿ. ತಿನ್ನದವರಿಗೂ ಕೋಕಂ, ತೆಂಗಿನ ಹಾಲಿನ ಸೋಲ್ ಕಡಿ ಇದೆ. ಬಿಸಿಲಿನಿಂದ ಬಂದ ಮೈಗೆ ಅದಕ್ಕಿಂತ ತಂಪು ಬೇರೆ ಇಲ್ಲ.

ನೇತ್ರಾಣಿಗೆ ಹೋಗುವವರಿಗೆ

ಬೆಂಗಳೂರಿನಿಂದ ಮೈಸೂರು ದಾರಿಯಾಗಿ ಮುರ್ಡೇಶ್ವರಕ್ಕೆ ನೇರ ರೈಲೇ ಇದೆ. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು ಗಂಟೆ ಮೇಲೆ. ಇಲ್ಲಿ ಪ್ರವಾಸಿಗರು ದ್ವೀಪದ ಮೇಲೆ ಇಳಿಯುವುದಿಲ್ಲ, ಅದರ ಪಕ್ಕದ ನೀರಿನಲ್ಲಿ ಮುಳುಗುತ್ತಾರೆ. ಸ್ಕೂಬಾ ನಡೆಸುವ ಸಂಸ್ಥೆಗಳ ಹತ್ತಿರ ಮೊದಲೇ ಬುಕ್ ಮಾಡಬೇಕು. ಈಜು ಬರದವರಿಗೂ ತರಬೇತುದಾರರ ಜೊತೆ ಮೊದಲ ಅನುಭವದ ಡೈವ್ ಮಾಡಿಸುತ್ತಾರೆ. ಮಕ್ಕಳಿಗೆ ಕನಿಷ್ಠ 10 ವರ್ಷ ಆಗಿರಬೇಕು. ಅಸ್ತಮಾ, ಹೃದಯದ ತೊಂದರೆ, ಕಿವಿಯ ತೊಂದರೆ, ಗರ್ಭಿಣಿ ಎಂಬುದನ್ನು ಫಾರಂನಲ್ಲಿ ಮುಚ್ಚಿಡಬೇಡಿ. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ, ಕಿವಿಯ ಒತ್ತಡ ಸರಿಹೋಗುವುದಿಲ್ಲ.

ಡೈವ್ ಆದ ಮೇಲೆ ತಕ್ಷಣ ವಿಮಾನ ಹತ್ತಬಾರದು ಎಂಬುದು ಹಲವರಿಗೆ ಗೊತ್ತು. ಘಟ್ಟ ಹತ್ತುವುದಕ್ಕೂ ಅದೇ ಎಚ್ಚರಿಕೆ ಬೇಕು ಎಂಬುದು ಗೊತ್ತಿರುವುದಿಲ್ಲ. ನೀರಿನ ಆಳದಲ್ಲಿ ಮೈಯೊಳಗೆ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಸಮಯ ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಒತ್ತಡ ಕಡಿಮೆಯಾಗಿ ಅದು ಗುಳ್ಳೆ ಕಟ್ಟಬಹುದು. ಬೆಂಗಳೂರು ಕಡಲಿನಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಶಿರಸಿ ಸುಮಾರು 600. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದರೆ 18 ಗಂಟೆ ಕಾಯುವುದು ಒಳ್ಳೆಯ ಲೆಕ್ಕ. ಬೆಳಿಗ್ಗೆ ಡೈವ್ ಮುಗಿಸಿ ಮಧ್ಯಾಹ್ನವೇ ಕಾರಿನಲ್ಲಿ ಘಟ್ಟ ಹತ್ತುವುದಕ್ಕಿಂತ, ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ರೈಲು ಹತ್ತಿ. ಎರಡು ಡೈವ್ ಮಾಡಿದವರಂತೂ ಉಳಿಯಲೇಬೇಕು. ನಿಮ್ಮ ಊರಿನ ಎತ್ತರ ಹೇಳಿ ತರಬೇತುದಾರರನ್ನೂ ಕೇಳಿ.

ದೋಣಿ ಬಿಡದಿದ್ದರೆ

ಕಾರವಾರದಲ್ಲೇ ಆ ದಿನ ವ್ಯರ್ಥ ಆಗುವುದಿಲ್ಲ. ತೀರದಲ್ಲಿ ಐಎನ್ಎಸ್ ಚಪಲ್ ಎಂಬ ಹಳೆಯ ಕ್ಷಿಪಣಿ ನೌಕೆ ಮ್ಯೂಸಿಯಂ ಆಗಿ ನಿಂತಿದೆ, ಒಳಗೆ ಹತ್ತಿ ನೋಡಬಹುದು. ಸದಾಶಿವಗಡದ ಗುಡ್ಡ ಏರಿದರೆ ನದಿ, ಅಳಿವೆ, ದ್ವೀಪಗಳು ಎಲ್ಲ ಒಂದೇ ನೋಟದಲ್ಲಿ ಸಿಗುತ್ತವೆ. ನೀರಿನ ಮೇಲೆ ಹೋಗಲೇಬೇಕು ಎನ್ನುವವರು ಕಾಳಿಯ ಒಳಭಾಗದಲ್ಲಿ ನದಿಯ ಬೋಟಿಂಗ್ ಕೇಳಬಹುದು. ಕಡಲು ಕೆರಳಿದ್ದರೂ ನದಿ ಶಾಂತ ಇರುವ ದಿನಗಳು ಇರುತ್ತವೆ.

ಇನ್ನೊಂದು ದಾರಿ ತದಡಿ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು ತದಡಿಗೆ ಬಂದರೆ ಅಲ್ಲಿಂದ ಅಘನಾಶಿನಿ ಊರಿಗೆ ಬಾರ್ಜ್ ಇದೆ. ಊರಿನವರು, ಬೈಕುಗಳು, ಮೀನಿನ ಬುಟ್ಟಿಗಳ ಜೊತೆ ನಿಂತು ನದಿ ದಾಟುವುದು. ಟಿಕೆಟ್ ಅಲ್ಲೇ ಕೊಡುತ್ತಾರೆ, ಬುಕಿಂಗ್ ಬೇಡ. ಆಚೆ ದಡದಿಂದ ಕುಮಟಾಕ್ಕೆ ಬಸ್ಸು, ಆಟೋ ಸಿಗುತ್ತದೆ, ಕುಮಟಾದಿಂದ ರಾತ್ರಿಯ ರೈಲು. ಏಪ್ರಿಲ್ ಸುಮಾರಿಗೆ ಬಂದರೆ ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ. ರೈಲಿಗೆ ಒಂದು ಗಂಟೆ ಇದ್ದರೆ ಅಷ್ಟರಲ್ಲಿ ಹೋಗಿ ಕೊಂಡು ಬರಬಹುದು.